ಪಾಯಿಂಟ್ ಟೂ ಟೂ ಕೊಳ್ಳುವ ಮೊದಲು

ಮಂಡ್ಯ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು "ಅಮ್ಮಾ, ಗ್ರೀನ್ ಕಾರ್ಡ್ ಬಂತು, ಇನ್ನು ಒಂದು .22 ರೈಫಲ್ ತಗೊಂಡೇಬಿಡ್ತೀನಿ, ಯಾವುದು ಚೆನ್ನ ಹೇಳು" ಅಂದೆಯಲ್ಲ, ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದರು. ಮಾತಾಡದೆ ಎದ್ದು ಹೋಗಿ ಹಿತ್ತಿಲ ಲೈಟ್ ಆರಿಸಿ ಬಂದರು. ಅವರಿಗೆ ಮನಸ್ಸಿಲ್ಲ. ನನಗೆ ಮನಸ್ಸಿದೆ. ಆದರೆ ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು, ಅದಕ್ಕೇ ಕಾಗದ.

ಹೋದ ವರ್ಷ ಅಮೆರಿಕಕ್ಕೆ ಬಂದಿದ್ದಾಗ ಕೊಲಂಬಸ್ಸಿನ ಆ ಶೂಟಿಂಗ್ ರೇಂಜಿನಲ್ಲಿ ನಾವಿಬ್ಬರೂ ಗಾಜಿನ ಹಿಂದೆ ನಿಂತು ನೋಡಿದ್ದು ನೆನಪಿದೆಯಾ? ನಾನು ವಿಸಿಟರ್ ವೀಸಾದವಳು, ನೀನು ಆಗ ಎಚ್-1ಬಿ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಅಂಥ ವೀಸಾದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ, ರೇಂಜಿನಲ್ಲಿ ಬಾಡಿಗೆಗೆ ಹಿಡಿದರೂ ತಪ್ಪೇ ಅನ್ನುತ್ತದೆ ಅಲ್ಲಿನ ಫೆಡರಲ್ ಕಾನೂನು. ಸುತ್ತಮುತ್ತ ಎಷ್ಟೋ ಹುಡುಗರು ಅದು ಗೊತ್ತಿಲ್ಲದೇ ಹೊಡೆಯುತ್ತಿರುತ್ತಾರೆ ಅಂತ ನೀನೇ ಹೇಳಿದ್ದೆ. ನೀನು ಮಾತ್ರ ಕಾರ್ಡ್ ಬರುವ ತನಕ ಕಾದೆ. ಅವತ್ತೇ ನನಗೆ ನಿನ್ನ ಕೈಗೆ ರೈಫಲ್ ಕೊಡಬಹುದು ಅನ್ನಿಸಿತ್ತು. ಅಂಗಡಿಯಲ್ಲಿ ಬಂದೂಕು ಕೊಳ್ಳುವವರು ತುಂಬಬೇಕಾದ ಫಾರಂ 4473 ಕೊಡುತ್ತಾರೆ, ಪ್ರತಿ ಸಾಲನ್ನೂ ಓದಿ ತುಂಬಿಸು.

ಈಗ ರೈಫಲ್ ವಿಷಯ. ನೀನು ಕೇಳೇ ಕೇಳುತ್ತೀಯ ಅಂತ ಒಂದು ವರ್ಷದಿಂದ ಓದಿಕೊಂಡೇ ಇದ್ದೇನೆ. ಕಾಗದದ ಗುರಿಗೂ ಡಬ್ಬಕ್ಕೂ ಹೊಡೆಯುವುದಕ್ಕೆ .22 ಎಲ್‌ಆರ್ (ಲಾಂಗ್ ರೈಫಲ್) ತೋಟಾ ಸರಿಯಾದ ಆಯ್ಕೆ. 1887ರಿಂದ ಇರುವ ತೋಟಾ, ಇವತ್ತಿಗೂ ಅಗ್ಗ, ಭುಜಕ್ಕೆ ಒದೆ ಇಲ್ಲವೇ ಇಲ್ಲ ಅನ್ನಬೇಕು. ಸೆಮಿ ಆಟೋಮ್ಯಾಟಿಕ್‌ನಲ್ಲಿ, ಅಂದರೆ ಒಂದು ಹೊಡೆದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವ ರೈಫಲ್ಲಿನಲ್ಲಿ, ಎಲ್ಲರೂ ಮೊದಲು ಹೇಳುವ ಹೆಸರು ರೂಗರ್ 10/22. 1964ರಿಂದ ಬರುತ್ತಿದೆ, ತೂಕ ಎರಡೂಕಾಲು ಕೆಜಿ ಆಸುಪಾಸು, ಹತ್ತು ಗುಂಡಿನ ಪುಟ್ಟ ರೋಟರಿ ಮ್ಯಾಗಜೀನ್, ಅಂದರೆ ತೋಟಾ ತುಂಬುವ ಕಳಚುವ ಪೆಟ್ಟಿಗೆ, ರೈಫಲ್ಲಿನ ಹೊಟ್ಟೆಯೊಳಗೇ ಕೂತುಬಿಡುತ್ತದೆ. ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ. ಅದಕ್ಕಿಂತ ಕಡಿಮೆಗೆ ಸ್ಯಾವೇಜ್ 64 ಇದೆ, ಅದಕ್ಕೂ ಹತ್ತರ ಮ್ಯಾಗಜೀನ್. ಸೆಕೆಂಡ್ ಹ್ಯಾಂಡ್ ಹುಡುಕಿದರೆ ಮಾರ್ಲಿನ್ ಮಾಡೆಲ್ 60 ಸಿಕ್ಕುತ್ತದೆ, 1960ರಲ್ಲಿ ಶುರುವಾಗಿದ್ದು, ಗುರಿ ಚೆನ್ನಾಗಿ ಹಿಡಿಯುತ್ತದೆ ಅಂತ ಹೆಸರಿದೆ. ಆದರೆ ನಿನಗೆ ಅದು ಬೇಡ. ಯಾಕೆ ಬೇಡ ಅನ್ನುವುದಕ್ಕೇ ಈ ಕಾಗದ ಬರೆಯುತ್ತಿರುವುದು.

ನಾನು ಮೈಸೂರಿನಲ್ಲಿ ಡಿಗ್ರಿ ಓದುವಾಗ ಎನ್‌ಸಿಸಿಯಲ್ಲಿದ್ದೆ ಅಂತ ಗೊತ್ತಲ್ಲ. ಎರಡನೇ ವರ್ಷದ ಕ್ಯಾಂಪಿನಲ್ಲಿ 25 ಗಜದ ಫೈರಿಂಗ್. ಎಂಟು ಹುಡುಗಿಯರು ಸಾಲಾಗಿ ಮಲಗಿದ್ದೆವು, ಒಬ್ಬೊಬ್ಬರಿಗೂ ಐದೈದು ತೋಟಾ. ರೈಫಲ್ಲಿನ ಬೋಲ್ಟ್, ಅಂದರೆ ತೋಟಾ ಕೂರಿಸುವ ಅಗುಳಿ, ಎಳೆಯಬೇಕು, ದೂಡಬೇಕು, ಹೊಡೆಯಬೇಕು, ಮತ್ತೆ ಎಳೆಯಬೇಕು. ಪಕ್ಕದವಳು ಹೊಡೆದ ಸದ್ದನ್ನೂ ನನ್ನ ಲೆಕ್ಕಕ್ಕೇ ಸೇರಿಸಿಕೊಂಡೆನೋ ಏನೋ, ಐದೂ ಮುಗಿಯಿತು ಅಂದುಕೊಂಡೆ. ಮೊಣಕೈ ಊರಿ ಏಳುವಾಗ ನಳಿಗೆ ಪಕ್ಕದ ಹುಡುಗಿಯ ಕಡೆ ತಿರುಗಿತು. ಫೈರಿಂಗ್ ಕಲಿಸುತ್ತಿದ್ದ ಉಸ್ತಾದರು ಓಡಿ ಬರಲಿಲ್ಲ, ಕೂಗಲೂ ಇಲ್ಲ. ಎರಡೇ ಹೆಜ್ಜೆ ಇಟ್ಟು ಬಗ್ಗಿ, ನಳಿಗೆಯನ್ನು ಅಂಗೈಯಲ್ಲಿ ಒತ್ತಿ ನೆಲಕ್ಕೆ ಹಿಡಿದರು. "ಖಾಲಿ ಕರ್" ಅಂದರು. ಬೋಲ್ಟ್ ಎಳೆದೆ. ಐದನೇ ತೋಟಾ ಟಾರ್ಪಾಲಿನ ಮೇಲೆ ಬಿತ್ತು.

ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಪುಟ್ಟಿ. ಹಿತ್ತಾಳೆಯ ತಳದಲ್ಲಿ ಒಂದು ತೆಳು ಅಂಚು, ಮದ್ದಿಗೆ ಕಿಡಿ ಕೊಡುವುದು ಆ ಅಂಚಿನೊಳಗೇ ಇರುತ್ತದೆ. ಮುಂದಕ್ಕೆ ಎಣ್ಣೆ ಸವರಿದಂತಿದ್ದ ಬೂದುಬಣ್ಣದ ಸೀಸ. ಉಸ್ತಾದರು ಅದನ್ನೆತ್ತಿ ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದರು. ಉಳಿದ ಬ್ಯಾಚ್ ಮುಗಿಯುವವರೆಗೂ ಹಾಗೇ ನಿಲ್ಲಿಸಿದರು. ಆಮೇಲೆ ಇಪ್ಪತ್ತು ವರ್ಷ ನಮ್ಮ ಸ್ಕೂಲಿನ ಕೆಡೆಟ್‌ಗಳನ್ನು ರೇಂಜಿಗೆ ಕರೆದುಕೊಂಡು ಹೋದೆ, ಒಂದು ದಿನವೂ ಆ ಮುಷ್ಟಿ ಮರೆಯಲಿಲ್ಲ.

ಬೋಲ್ಟ್ ಇರುವ ರೈಫಲ್ ಪ್ರತಿ ಗುಂಡಿಗೂ ನಿನ್ನ ಕೈ ಕೇಳುತ್ತದೆ. ನೀನು ಎಳೆದು ದೂಡುವ ತನಕ ಅದು ಸುಮ್ಮನಿರುತ್ತದೆ. ಸೆಮಿ ಆಟೋ ಹಾಗಲ್ಲ. ಗುಂಡು ಮುಂದಕ್ಕೆ ಹೋದ ರಭಸಕ್ಕೆ ಖಾಲಿ ತೋಟಾ ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ, ಸ್ಪ್ರಿಂಗು ಅದನ್ನು ವಾಪಸ್ ದೂಡುವಾಗ ಮ್ಯಾಗಜೀನಿನಿಂದ ಇನ್ನೊಂದನ್ನು ಎತ್ತಿಕೊಂಡು ನಳಿಗೆಯ ಹಿಂತುದಿಯ ಚೇಂಬರಿಗೆ ಕೂರಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ತಯಾರು. ನೀನು ಹೊಡೆದು ಮುಗಿಸಿದೆ ಅಂದುಕೊಂಡ ಕ್ಷಣದಲ್ಲೇ ಅದು ತುಂಬಿಕೊಂಡಿರುತ್ತದೆ. ಬೋಲ್ಟ್ ಎಳೆಯುವಾಗ ಸಿಗುತ್ತಿದ್ದ ಆ ಒಂದು ಗಳಿಗೆಯ ಎಚ್ಚರವನ್ನು ಯಂತ್ರ ನಿನ್ನಿಂದ ತೆಗೆದುಕೊಂಡುಬಿಡುತ್ತದೆ. ಅದನ್ನು ನೀನು ಅಭ್ಯಾಸದಿಂದ ವಾಪಸ್ ತಂದುಕೊಳ್ಳಬೇಕು.

ಮಾಡೆಲ್ 60 ಬೇಡ ಅಂದದ್ದು ಇದಕ್ಕೇ. ಅದರ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಕೂರುತ್ತವೆ. ಕೊಳವೆಯ ಮೂಲೆಯಲ್ಲಿ ಒಂದು ಉಳಿದಿದ್ದರೆ ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಮ್ಯಾಗಜೀನ್ ಆದರೆ ಕಳಚಿ ಮೇಜಿನ ಮೇಲಿಡಬಹುದು. 10/22ಗೂ ಒಂದು ಗುಣ ಇದೆ, ತಿಳಿದಿರು: ಕೊನೆಯ ಗುಂಡು ಹಾರಿದ ಮೇಲೆ ಅದರ ಬೋಲ್ಟ್ ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಖಾಲಿಯೂ ತುಂಬಿದ್ದೂ ಹೊರಗಿನಿಂದ ಒಂದೇ ಥರ ಕಾಣುತ್ತದೆ. ಅದಕ್ಕೆ ಮೊದಲು ಮ್ಯಾಗಜೀನ್ ತೆಗೆ, ಆಮೇಲೆ ಬೋಲ್ಟ್ ಎಳೆದು ಲಾಕ್ ಮಾಡು, ಚೇಂಬರ್ ನೋಡು, ಕಿರುಬೆರಳು ಹಾಕಿ ಮುಟ್ಟು. ಈ ಕ್ರಮ ತಿರುಗುಮುರುಗಾದರೆ, ಮ್ಯಾಗಜೀನ್ ಒಳಗಿರುವಾಗಲೇ ಬೋಲ್ಟ್ ಎಳೆದು ಬಿಟ್ಟರೆ, ನೀನೇ ಕೈಯಾರೆ ಇನ್ನೊಂದನ್ನು ತುಂಬಿದಂತೆ.

ಹಾಗಾಗಿ ರೂಗರ್ ತಗೋ. ಸ್ಯಾವೇಜ್ ತಗೊಂಡರೂ ನನಗೆ ಬೇಸರವಿಲ್ಲ, ಉಳಿದ ದುಡ್ಡಿಗೆ ತೋಟಾ ಬರುತ್ತದೆ. ದುಬಾರಿ ಸ್ಕೋಪು, ಬಣ್ಣದ ಸ್ಟಾಕು ಏನೂ ಬೇಡ. ಇಪ್ಪತ್ತೈದು ಗುಂಡಿನ ಉದ್ದ ಮ್ಯಾಗಜೀನ್ ಖಂಡಿತ ಬೇಡ. ಮೊದಲ ತಿಂಗಳು ಮ್ಯಾಗಜೀನಿಗೆ ಒಂದೊಂದೇ ತೋಟಾ ಹಾಕಿ ಹೊಡಿ.

ತೋಟಾವನ್ನು ಒಂದೇ ಕಂಪನಿಯ ದೊಡ್ಡ ಪ್ಯಾಕ್ ತರಬೇಡ. ಐವತ್ತರ ಬಾಕ್ಸು ನಾಲ್ಕೈದು ಬಗೆಯದು ತಂದು ಒಂದೊಂದರಲ್ಲೂ ಐದೈದು ಹೊಡೆದು ನೋಡು. .22 ರೈಫಲ್ಲಿಗೆ ನಾಲಿಗೆ ಇದ್ದಂತೆ, ಒಂದು ರುಚಿಸಿದರೆ ಇನ್ನೊಂದು ರುಚಿಸುವುದಿಲ್ಲ. ತೀರಾ ನಿಧಾನದ ತೋಟಾಕ್ಕೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗದೆ ಸಿಕ್ಕಿಹಾಕಿಕೊಳ್ಳಬಹುದು. ಟ್ರಿಗರ್ ಒತ್ತಿದರೂ ಸಿಡಿಯದಿದ್ದರೆ ತಕ್ಷಣ ತೆಗೆಯಬೇಡ. ನಳಿಗೆ ಗುರಿಯ ಕಡೆಗೇ ಇಟ್ಟು ಮೂವತ್ತು ಎಣಿಸು. ಸದ್ದು ಎಂದಿಗಿಂತ ಮೆತ್ತಗೆ ಬಂದರೆ ಅಲ್ಲಿಗೇ ನಿಲ್ಲಿಸು, ಗುಂಡು ನಳಿಗೆಯಲ್ಲೇ ಕೂತಿರಬಹುದು.

ನೀನು ಎಡಗೈಯವಳು. ಖಾಲಿ ತೋಟಾ ಬಲಕ್ಕೆ ಹಾರುತ್ತದೆ, ಅಂದರೆ ನಿನ್ನ ಮುಖದ ಮುಂದೆಯೇ. ಕನ್ನಡಕ ಇಲ್ಲದೆ ಒಂದೂ ಬೇಡ, ಕೊರಳುಪಟ್ಟಿ ಮುಚ್ಚಿದ ಅಂಗಿ ಹಾಕಿಕೋ. ಕಿವಿಗೂ ಮುಚ್ಚಿಗೆ ಇರಲಿ. ಚಿಕ್ಕವಳಿದ್ದಾಗ ದಸರೆಯಲ್ಲಿ ಕುಶಾಲತೋಪು ಹಾರಿಸಿದರೆ ಇಪ್ಪತ್ತೊಂದೂ ಮುಗಿಯುವವರೆಗೆ ನನ್ನ ಸೆರಗಿನೊಳಗೆ ತಲೆ ತೂರಿಸಿಕೊಂಡು ನಿಲ್ಲುತ್ತಿದ್ದವಳು ನೀನು. ಈಗ ಸದ್ದಿಗೆಲ್ಲ ಹೆದರುವುದಿಲ್ಲ ಅಂತೀಯ, ಆದರೂ.

ತೋಟಾ ಬಾಕ್ಸಿನ ಮೇಲೆ ಗುಂಡು ಒಂದೂವರೆ ಮೈಲಿ ಹೋಗಬಲ್ಲದು ಅಂತ ಎಚ್ಚರಿಕೆ ಬರೆದಿರುತ್ತದೆ, ಓದು. ಎರಡು ಕಿಲೋಮೀಟರಿಗಿಂತ ಹೆಚ್ಚು. ನಮ್ಮ ಮನೆಯಿಂದ ರೈಲ್ವೆ ಸ್ಟೇಷನ್ ಅದಕ್ಕಿಂತ ಹತ್ತಿರ. ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ಡಬ್ಬ ಇಟ್ಟು ಹೊಡೆಯುವುದಕ್ಕೆ ಯಾರು ಕರೆದರೂ ಹೋಗಬೇಡ.

ನಿನ್ನ ಮನೆಯಲ್ಲಿ ಚಿನ್ನು ಇದ್ದಾಳೆ. ಆರು ವರ್ಷದ ಮಗುವಿನ ಕೈಗೆ ಯಾವ ಬೀರುವಿನ ಮೇಲ್ಭಾಗವೂ ಎತ್ತರವಲ್ಲ. ನಿಮ್ಮ ತಾತ ಕಬ್ಬಿನ ಗದ್ದೆಗೆ ಹಂದಿ ಬರುತ್ತದೆಂದು ಲೈಸೆನ್ಸ್ ಮಾಡಿಸಿದ ಒಂಟಿ ನಳಿಗೆ ಬಂದೂಕು ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತಿತ್ತು, ಕೀಲಿ ಅವರ ಉಡಿದಾರದಲ್ಲಿ. ಎಲೆಕ್ಷನ್ ಬಂದರೆ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಆಯುಧಪೂಜೆಯ ದಿನ ಮಾತ್ರ ನಾವು ಮಕ್ಕಳು ಅದನ್ನು ನೋಡುತ್ತಿದ್ದೆವು, ಅದೂ ಖಾಲಿ ಅಂತ ಅವರು ಎಲ್ಲರೆದುರು ಬಿಚ್ಚಿ ತೋರಿಸಿದ ಮೇಲೆ. ನಿನ್ನದಕ್ಕೂ ಕಬ್ಬಿಣದ ಪೆಟ್ಟಿಗೆ ತಗೋ, ತೋಟಾ ಬೇರೆ ಕಡೆ, ಬೇರೆ ಬೀಗದಲ್ಲಿರಲಿ. ರೇಂಜಿನಿಂದ ಬಂದವಳೇ ಕೈ ಸೋಪು ಹಾಕಿ ತೊಳೆದು, ಅಂಗಿ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೋ. ಸೀಸದ ಪುಡಿ ಕಣ್ಣಿಗೆ ಕಾಣುವುದಿಲ್ಲ.

ಮೊದಲ ದಿನ ಹೊಡೆದ ಟಾರ್ಗೆಟ್ ಕಾಗದವನ್ನು ಮಡಚಿ ಪೋಸ್ಟಿಗೆ ಹಾಕು. ವಾಟ್ಸಾಪ್ ಫೋಟೊ ಸಾಲದು ನನಗೆ. ಕಿಟಕಿಯ ಬೆಳಕಿಗೆ ಹಿಡಿದು ತೂತುಗಳನ್ನು ನಾನೇ ಎಣಿಸಬೇಕು, ನಿಮ್ಮಪ್ಪನಿಗೂ ತೋರಿಸಬೇಕು.

ನಿನ್ನ,
ಅಮ್ಮ