ಒಂಬತ್ತನೇ ತರಗತಿಯ ಲ್ಯಾಪ್‌ಟಾಪ್ ಮತ್ತು ಹೆಚ್ಚುವರಿ ಸಮಯದ ಬಗ್ಗೆ

ಮಾನ್ಯ ಪೋಷಕರೇ,

ನಮಸ್ಕಾರ. ಮೊಬೈಲ್ ತರಬಾರದೆಂಬ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿನಿಗೆ ಮಾತ್ರ ಲ್ಯಾಪ್‌ಟಾಪ್, ಇಯರ್‌ಫೋನ್, ಪರೀಕ್ಷೆಯಲ್ಲಿ ಹೆಚ್ಚು ಸಮಯ ಏಕೆ ಎಂದು ಕೆಲವರು ಕೇಳಿದ್ದೀರಿ. ನೇರವಾಗಿ ಕೇಳಿದ್ದು ಒಳ್ಳೆಯದಾಯಿತು. ಆಕೆಯ ಮನೆಯವರ ಒಪ್ಪಿಗೆ ಪಡೆದು ಉತ್ತರಿಸುತ್ತಿದ್ದೇನೆ.

ಆಕೆಗೆ ಕಣ್ಣು ಕಾಣುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿರುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಅಕ್ಷರಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಓದಿ ಹೇಳುತ್ತದೆ. ತರಗತಿಯಲ್ಲಿ ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ಇಯರ್‌ಫೋನ್ ಒಂದೇ ಕಿವಿಗೆ, ಇನ್ನೊಂದು ಕಿವಿ ಪಾಠಕ್ಕೆ. ಬ್ರೈಲ್ ಸಾಲದೇ ಎಂದೂ ಕೇಳಿದ್ದೀರಿ. ಗಣಿತಕ್ಕೆ ಅದು ಬೇಕೇ ಬೇಕು, ಬಳಸುತ್ತಲೂ ಇದ್ದೇವೆ. ಆದರೆ ಒಂದು ಪಠ್ಯಪುಸ್ತಕ ಬ್ರೈಲ್‌ನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ.

ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷ, ಅಂದರೆ 3 ಗಂಟೆಯ ಪರೀಕ್ಷೆಗೆ 1 ಗಂಟೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಹೆಚ್ಚುವರಿ ಸಮಯವನ್ನು ಹೆಸರಿಸಿಯೇ ಹೇಳುತ್ತದೆ. ಗಂಟೆಗೆ 20 ನಿಮಿಷವೆಂಬ ಲೆಕ್ಕ ಕೇಂದ್ರ ಸರ್ಕಾರದ ಮಾರ್ಗಸೂಚಿಯದು. ನಿಮ್ಮ ಮಗು ಪ್ರಶ್ನೆ ಓದಿ ಕಣ್ಣು ಮೇಲೆತ್ತಿದರೆ ಗದ್ಯಭಾಗದ ಬೇಕಾದ ಸಾಲು ಸಿಗುತ್ತದೆ. ಆಕೆ ಬಾಣದ ಗುರುತಿನ ಕೀ ಒತ್ತುತ್ತಾ ಒಂದೊಂದೇ ಸಾಲು ಕೇಳಿಕೊಂಡು ಹಿಂದಕ್ಕೆ ಹೋಗಬೇಕು. ತಾನು ಬರೆದದ್ದು ಶಕಾರವೋ ಷಕಾರವೋ ಎಂದು ತಿಳಿಯಲು ಪದದ ಒಂದೊಂದೇ ಅಕ್ಷರ ಕೇಳಬೇಕು. ಕೋಷ್ಟಕ ಬಂದರಂತೂ ಯಾವ ಸಂಖ್ಯೆ ಯಾವ ಶೀರ್ಷಿಕೆಯ ಕೆಳಗಿನದೆಂದು ನೆನಪಿಟ್ಟುಕೊಂಡೇ ಮುಂದೆ ಸಾಗಬೇಕು. ಆ ಸಮಯ ಹೋಗುವುದು ಇದಕ್ಕೇ. ಪ್ರಶ್ನೆಗಳಿಗೆ ಅಂಕ ಕೊಡುವ ರೀತಿ ಎಲ್ಲರಿಗೂ ಒಂದೇ. ಇದರಿಂದ ಯಾರ ಅಂಕವೂ ಕಡಿಮೆಯಾಗುವುದಿಲ್ಲ. ನಿಮ್ಮ ಮಕ್ಕಳ ಬಗ್ಗೆ ನಿಮಗಿರುವ ಕಾಳಜಿ ನನಗೆ ಗೊತ್ತು, ಅದರಲ್ಲಿ ತಪ್ಪಿಲ್ಲ. ಆದರೂ ಈ ವ್ಯವಸ್ಥೆ ಮುಂದುವರಿಯುತ್ತದೆ.

ತಂತ್ರಾಂಶಕ್ಕೆ ಓದಲಾಗದ್ದೂ ಇದೆ. ಕೈಬರಹದ ನೋಟ್ಸ್‌ನ ಫೋಟೊ ಅದಕ್ಕೆ ಬರೀ ಚಿತ್ರ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವ ಸಂಕೇತ ಇಂಗ್ಲಿಷ್ ಅಕ್ಷರಗಳದು. ಹಾಗಾಗಿ ಎನ್‌ವಿಡಿಎ ಅರ್ಥವಿಲ್ಲದ ಅಕ್ಷರಗಳನ್ನು ಒದರುತ್ತದೆ. ಅದಕ್ಕೇ ಶಾಲೆಯ ಪ್ರಶ್ನೆಪತ್ರಿಕೆ, ಸುತ್ತೋಲೆಗಳೆಲ್ಲ ಈಗ ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತವಿರುವ ಯುನಿಕೋಡ್‌ನಲ್ಲಿವೆ. ವಿಜ್ಞಾನದ ಚಿತ್ರಗಳಿಗೆ ಶಿಕ್ಷಕರು ಎರಡು ಸಾಲು ವಿವರಣೆ ಸೇರಿಸುತ್ತಾರೆ.

ತರಗತಿಯ ವಾಟ್ಸಾಪ್ ಗುಂಪಿನಲ್ಲಿ ನೋಟ್ಸ್‌ನ ಫೋಟೊ ಹಾಕುವವರು ಅದನ್ನೇ ಮೊಬೈಲ್‌ನ ಕನ್ನಡ ಕೀಬೋರ್ಡಿನಲ್ಲಿ ಟೈಪ್ ಮಾಡಿಯೂ ಹಾಕಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ