ರಾತ್ರಿ ಡ್ಯೂಟಿ ಕೇಳಲಿ ನಿನ್ನ ಮಗಳು

ಮೈಸೂರು

ಪ್ರೀತಿಯ ಗೆಳೆಯಾ,

ಮಗಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆ ಅಂದದ್ದಕ್ಕೆ ಮನೆಯಲ್ಲಿ ರಂಪ ಆಯ್ತು ಅಂತ ಮಂಡ್ಯದಿಂದ ಫೋನ್ ಮಾಡಿದ್ದೆಯಲ್ಲ. "ರಿಸೆಪ್ಷನ್‌ನಲ್ಲಿ ನಗ್ತಾ ನಿಂತ್ಕೊಳ್ಳೋದಕ್ಕೆ ಇಷ್ಟೊಂದು ಫೀಸಾ?" ಅಂದೆ ನೋಡು, ಅದಕ್ಕೇ ಈ ಪತ್ರ.

ನಮ್ಮ ಹೋಟೆಲಿನ ಮ್ಯಾನೇಜರ್ ಹೆಂಗಸು. ಕಳೆದ ದಸರಾ, ಜಂಬೂಸವಾರಿಯ ದಿನ. ಊರಲ್ಲೆಲ್ಲ ರೂಮ್ ಸಿಗದೆ ಜನ ಪರದಾಡುತ್ತಿದ್ದರು. ಮೇಡಂ ಮಾತ್ರ ಒಂದು ರೂಮಿಗೆ ಬೀಗ ಹಾಕಿ ಯಾರಿಗೂ ಕೊಡದೆ ಇಟ್ಟುಕೊಂಡಿದ್ದರು. ದುಪ್ಪಟ್ಟು ಬಾಡಿಗೆ ಬರೋ ದಿನ ಇದೇನಮ್ಮಾ ಅಂತ ಮಾಲೀಕರು ಗೊಣಗಿದರು. ರಾತ್ರಿ ಒಂದು ಗಂಟೆಗೆ ಎರಡನೇ ಮಹಡಿಯಲ್ಲಿ ಗೀಸರ್ ಪೈಪ್ ಒಡೆದು ರೂಮೆಲ್ಲ ನೀರು. ವಯಸ್ಸಾದ ತಾಯಿಯನ್ನು ಕರೆತಂದಿದ್ದ ಗಿರಾಕಿ ಕೂಗಾಡುತ್ತಾ ಇಳಿದು ಬರುವಷ್ಟರಲ್ಲಿ ಮೇಡಂ ಬೀಗದ ಕೈ ಹಿಡಿದು ನಿಂತಿದ್ದರು. ಆ ಅಜ್ಜಿಗೆ ಬಿಸಿ ಹಾಲೂ ಹೋಯಿತು. ಈ ಮುಂದಾಲೋಚನೆ ಕ್ಲಾಸಿನಲ್ಲಿ ಬರಲ್ಲ ಕಣೋ. ವರ್ಷಗಟ್ಟಲೆ ರಾತ್ರಿ ಡ್ಯೂಟಿ ಮಾಡಿದವರು ಅವರು.

ಹೆಣ್ಣುಮಕ್ಕಳು ಮೇಲೇರದೆ ನಿಲ್ಲುವುದೂ ಅಲ್ಲೇ. "ಪಾಪ, ಯಾಕೆ ತೊಂದರೆ" ಅಂತ ರಾತ್ರಿ ಪಾಳಿ ತಪ್ಪಿಸುತ್ತಾರೆ. ಪ್ರಮೋಷನ್ ಹೊತ್ತಿಗೆ "ಅನುಭವ ಸಾಲದು" ಅನ್ನುತ್ತಾರೆ. ಎಂಥಾ ನ್ಯಾಯ, ಅಲ್ವಾ? ದೆಹಲಿಯಲ್ಲಂತೂ ಮದ್ಯ ಕುಡಿಯುವ ಜಾಗದಲ್ಲಿ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ 1914ರ ಕಾನೂನೇ ಇತ್ತು. ಅದನ್ನು ದೆಹಲಿ ಹೈಕೋರ್ಟ್ ತೆಗೆದುಹಾಕಿತು; ಆ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2007ರಲ್ಲಿ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೂ 2020ರಲ್ಲಿ ತಿದ್ದುಪಡಿ ಬಂತು. ಈಗ ಒಪ್ಪಿಗೆ ಬರೆದುಕೊಟ್ಟ ಹೆಂಗಸರು ರಾತ್ರಿ ದುಡಿಯಬಹುದು; ಮನೆಗೆ ಬಿಡುವ ಗಾಡಿ ಮಾಲೀಕರ ಹೊಣೆ.

ಪಾರ್ಕ್ ಹೋಟೆಲುಗಳ ಪ್ರಿಯಾ ಪಾಲ್, ಲಲಿತ್ ಹೋಟೆಲುಗಳ ಜ್ಯೋತ್ಸ್ನಾ ಸೂರಿ ಇಲ್ವಾ ಅನ್ನಬಹುದು. ಒಬ್ಬರು 1990ರಲ್ಲಿ ತಂದೆ ತೀರಿಕೊಂಡ ಮೇಲೆ, ಇನ್ನೊಬ್ಬರು 2006ರಲ್ಲಿ ಗಂಡ ತೀರಿಕೊಂಡ ಮೇಲೆ ಚುಕ್ಕಾಣಿ ಹಿಡಿದು ಗೆದ್ದವರು. ದೊಡ್ಡವರೇ, ಸರಿ. ಆದರೆ ಅದು ಮನೆಯದೇ ವ್ಯವಹಾರ. ಸಂಬಳಕ್ಕೆ ಸೇರುವ ನಿನ್ನ ಮಗಳಿಗೆ ನಮ್ಮ ಮೇಡಂ ದಾರಿಯೇ ಹತ್ತಿರದ್ದು.

ಟ್ರೈನಿಂಗಿಗೆ ಹೋಟೆಲ್ ಆರಿಸುವಾಗ ಲಾಬಿಯ ಅಂದಚಂದ ನೋಡಿ ಮರುಳಾಗಬೇಡಿ. ಹುಡುಗಿಯರಿಗೂ ರಾತ್ರಿ ಡ್ಯೂಟಿ ಉಂಟಾ, ಗಾಡಿ ಬಾಗಿಲ ತನಕ ಬರುತ್ತಾ ಅಂತ ಕೇಳಿ. ಲೈಂಗಿಕ ಕಿರುಕುಳದ ದೂರು ಸಮಿತಿಯ ಅಧ್ಯಕ್ಷೆ ಯಾರು ಅಂತಲೂ ಕೇಳಿ. 2013ರ ಕಾಯ್ದೆಯ ಪ್ರಕಾರ ಹಿರಿಯ ಹುದ್ದೆಯ ಹೆಂಗಸೇ ಆಗಿರಬೇಕು. ಹೋಟೆಲಿನವರು ಉತ್ತರಕ್ಕೆ ತಡವರಿಸಿದರೆ ಬೇರೆ ಹೋಟೆಲ್ ನೋಡಿ.

ಭಾನುವಾರ ಬೇಡ, ಮದುವೆ ಗಲಾಟೆ ಇರುತ್ತೆ. ಮಂಗಳವಾರ ಮಗಳನ್ನು ಕರೆದುಕೊಂಡು ಬಾ. ಮೇಡಂ ಹತ್ತಿರ ಅವಳೇ ಮಾತಾಡಲಿ, ನೀನು ಸುಮ್ನೆ ಕೂತು ಕಾಫಿ ಕುಡಿ.

ಇಂತಿ ನಿನ್ನ ಗೆಳೆಯ