ಹಲ್ಲು ಉಳಿಸಿಕೊಟ್ಟವರಿಗೆ

ಮಗಳ ಹಲ್ಲಿನ ಸೋಂಕು ವಾಸಿಯಾಗಿದೆ. ಬೇರಿನ ಪಕ್ಕ ಕರಗಿದ್ದ ಎಲುಬು ಮತ್ತೆ ತುಂಬಿಕೊಂಡಿರುವುದು ಈ ವಾರದ ಎಕ್ಸ್‌ರೇಯಲ್ಲಿ ಕಂಡಿತು. ಜೊತೆಗೆ ನಿಂತವರಿಗೆಲ್ಲ ಫೋನ್‌ನಲ್ಲಿ ಹೇಳಿದ್ದೇನೆ. ಆದರೂ ಸಾಲದು ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಶಿರಸಿಯ ನಮ್ಮ ಹಲ್ಲಿನ ಡಾಕ್ಟರಿಗೆ. ವಸಡು ಬಾತು ಕೀವು ಬರುತ್ತಿದ್ದಾಗ ಬೇರೊಂದು ಕಡೆ ತೋರಿಸಿದ್ದೆವು. ಅಲ್ಲಿ ಕೀಳಿಸಿಬಿಡಿ ಅಂದರು. ಮುಂದಿನ ಸಾಲಿನ ಹಲ್ಲು, ಹುಡುಗಿ ಇನ್ನೂ ಎಂಟನೇ ಕ್ಲಾಸು. ದವಡೆ ಬೆಳೆಯುವ ವಯಸ್ಸಿನಲ್ಲಿ ಇಂಪ್ಲಾಂಟ್, ಅಂದರೆ ಎಲುಬಿಗೆ ಕೂರಿಸುವ ಕೃತಕ ಹಲ್ಲು ಕೂಡ ಹಾಕುವ ಹಾಗಿಲ್ಲ. ನಮ್ಮ ಡಾಕ್ಟರು ಎಕ್ಸ್‌ರೇಯನ್ನು ಬಹಳ ಹೊತ್ತು ನೋಡಿ, "ಇದು ಹಲ್ಲಿನೊಳಗೆ ಹಲ್ಲು, ಕೀಳುವುದು ಬೇಡ, ಹುಬ್ಬಳ್ಳಿಗೆ ಹೋಗಿ" ಅಂದರು. ಆ ಮಾತಿಗೆ ನಾವು ಯಾವತ್ತೂ ಋಣಿ.

ಇದರ ಹೆಸರು ಡೆನ್ಸ್ ಇನ್ವ್ಯಾಜಿನೇಟಸ್. ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗಲೇ ಅದರ ಮೇಲ್ಪದರ ಒಳಕ್ಕೆ ಮಡಚಿಕೊಳ್ಳುತ್ತದೆ. ಮೇಲಿನ ನಡುವಿನ ಎರಡು ಹಲ್ಲುಗಳ ಅಕ್ಕಪಕ್ಕದ ಹಲ್ಲಿನಲ್ಲೇ ಜಾಸ್ತಿ. ಓಹ್ಲರ್ಸ್ ಎಂಬ ದಂತವೈದ್ಯರು 1957ರಲ್ಲಿ ಇದನ್ನು ಮೂರು ಬಗೆ ಮಾಡಿದ್ದಾರೆ. ಮಗಳದ್ದು ಮೂರನೆಯದು. ಮಡಿಕೆ ಬೇರಿನವರೆಗೂ ಇಳಿದು, ಅಲ್ಲಿ ತನ್ನದೇ ಬೇರೆ ಬಾಯಿ ತೆರೆದಿತ್ತು. ಕೀವು ಬರುತ್ತಿದ್ದದ್ದು ಆ ದಾರಿಯಿಂದ.

ಹುಬ್ಬಳ್ಳಿಯ ರೂಟ್ ಕೆನಾಲ್ ತಜ್ಞರು ಯಾವ ಅವಸರವನ್ನೂ ಮಾಡಲಿಲ್ಲ. ತಣ್ಣನೆಯ ಹತ್ತಿಯನ್ನು ಹಲ್ಲಿಗೆ ಮುಟ್ಟಿಸಿ, "ತಂಗಿ, ಥಂಡಿ ಹತ್ತಿದ ಕೂಡ್ಲೆ ಕೈ ಎತ್ತವಾ" ಅಂದರು. ಅವಳು ಥಟ್ಟನೆ ಕೈ ಎತ್ತಿದಳು. ಅಂದರೆ ಹಲ್ಲಿನ ನರ ಬದುಕಿತ್ತು! ಹಲ್ಲು, ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್‌ನಲ್ಲಿ ಮಡಿಕೆಗೂ ನರಕ್ಕೂ ಸಂಪರ್ಕವಿಲ್ಲ ಅಂತ ಕಂಡಿತು. ಹಾಗಾಗಿ ಮಡಿಕೆಯೊಂದನ್ನೇ ಮೈಕ್ರೋಸ್ಕೋಪ್ ಕೆಳಗೆ ತೆರೆದು ತೊಳೆದರು, ಕೆಲವು ವಾರ ರೋಗಾಣು ಕೊಲ್ಲುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ಇಟ್ಟರು, ಕೊನೆಗೆ ತುದಿಯನ್ನು ಎಂಟಿಎ ಎಂಬ ಹಲ್ಲಿನ ಸಿಮೆಂಟಿನಿಂದ ಮುಚ್ಚಿದರು. ನರವನ್ನು ಮುಟ್ಟಲೇ ಇಲ್ಲ. ನರ ತೆಗೆದು ಇಡೀ ಹಲ್ಲಿಗೆ ರೂಟ್ ಕೆನಾಲ್ ಮಾಡಿದ್ದರೆ ಅವರ ಕೆಲಸ ಸುಲಭವಾಗುತ್ತಿತ್ತೇನೋ. ಅವರು ಕಷ್ಟದ ದಾರಿ ಹಿಡಿದರು. ಸರ್, ಮಗುವಿನ ಹಲ್ಲು ಇವತ್ತೂ ಥಂಡಿ ಬಿಸಿ ತಿಳಿಯುತ್ತದೆ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ?

ಹುಬ್ಬಳ್ಳಿಯ ಅತ್ತೆಗೂ ದೊಡ್ಡ ನಮಸ್ಕಾರ. ಚಿಕಿತ್ಸೆಯ ದಿನಗಳಲ್ಲಿ ಅವಳಿಗೆ ಅಂತಲೇ ಮೆತ್ತಗೆ ತೆಳ್ಳೇವು ಮಾಡಿಕೊಟ್ಟರು, ತಂಬುಳಿ ಅನ್ನ ಕಲಸಿಕೊಟ್ಟರು. ತಪ್ಪಿದ ಪಾಠಗಳನ್ನು ಸಂಜೆ ಕೂರಿಸಿಕೊಂಡು ಹೇಳಿಕೊಟ್ಟ ಗಣಿತದ ಮೇಷ್ಟ್ರಿಗೂ, ನೋಟ್ಸ್ ಬರೆದುಕೊಟ್ಟ ಗೆಳತಿಯರಿಗೂ ಕೂಡ.

ಇಂಥ ಮಡಿಕೆ ಹಲ್ಲಿನ ಹಿಂಬದಿಯ ಸಣ್ಣ ಕುಳಿಯಿಂದ ಶುರುವಾಗುತ್ತದೆ. ಇನ್ನೊಂದು ಬದಿಯ ಹಲ್ಲಿನ ಹಿಂದೆಯೂ ಅಂಥದ್ದೇ ಕುಳಿ ಇತ್ತು. ಸೋಂಕು ಅದರೊಳಗೆ ಹೋಗುವ ಮೊದಲೇ ಅದನ್ನು ಶಿರಸಿಯ ಡಾಕ್ಟರೇ ಫಿಲ್ಲಿಂಗ್ ಮಾಡಿ ಮುಚ್ಚಿದ್ದಾರೆ. ನಿಮ್ಮ ಮಕ್ಕಳ ಮೇಲಿನ ಹಲ್ಲಿನ ಹಿಂಬದಿಯಲ್ಲಿ ಹೀಗೆ ಕುಳಿ ಕಂಡರೆ, ನೋವಿಲ್ಲದಿದ್ದರೂ ಒಮ್ಮೆ ತೋರಿಸಿ.